ಮೂಳೆಗೆ ಕ್ಯಾನ್ಸರ್ ಹರಡಿದಾಗ ಕ್ಯಾಲ್ಸಿಯಂ: ರಾಗಿ ಮುದ್ದೆ ಬಿಡಬೇಕೇ, ಮಾತ್ರೆ ನುಂಗಬೇಕೇ?

ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ವೈದ್ಯರು ಹೇಳಿದ ದಿನದಿಂದ ಮನೆಯಲ್ಲಿ ಎರಡು ಬಗೆಯ ಸಲಹೆಗಳು ಶುರುವಾಗುತ್ತವೆ. ಮೂಳೆ ಸವೆಯುತ್ತಿದೆ, ರಾಗಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ಹೆಚ್ಚಿಸಿ ಎನ್ನುತ್ತಾರೆ ಕೆಲವರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಅಪಾಯವಂತೆ, ಹಾಲು ಮೊಸರು ಮುಟ್ಟಬೇಡಿ ಎನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ಒಂದೊಂದು ಚೂರು ಸತ್ಯವಿದೆ. ನಾವು ತಿಳಿದುಕೊಂಡಂತೆ, ತಟ್ಟೆಯಲ್ಲಿರುವ ಊಟಕ್ಕೆ ಹೆದರುವ ಅಗತ್ಯ ಬಹುತೇಕ ರೋಗಿಗಳಿಗೆ ಇಲ್ಲ. ಮಾತ್ರೆಯ ವಿಷಯ ಬೇರೆ. ಅದನ್ನು ಶುರು ಮಾಡುವುದೂ ನಿಲ್ಲಿಸುವುದೂ ರಕ್ತಪರೀಕ್ಷೆ ಮತ್ತು ನೀವು ಪಡೆಯುತ್ತಿರುವ ಇಂಜೆಕ್ಷನ್ ನೋಡಿ ನಿರ್ಧಾರವಾಗಬೇಕು.

ಮೂಳೆಯೊಳಗೆ ಆಗುವುದೇನು?

ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಜೀವನಪೂರ್ತಿ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಸ್ತನ, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಮೊದಲಾದ ಕಡೆಯಿಂದ ಮೂಳೆಗೆ ಬಂದ ಕ್ಯಾನ್ಸರ್ ಕೋಶಗಳು ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಮಜ್ಜೆಯಲ್ಲೇ ಹುಟ್ಟುವ ಮೈಲೋಮಾ ಕೂಡ ಹೀಗೇ ಮಾಡುತ್ತದೆ. ಮೂಳೆ ಕರಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ ರಕ್ತಕ್ಕೆ ಸುರಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಇದಕ್ಕೆ ತದ್ವಿರುದ್ಧ: ಅಡ್ಡಾದಿಡ್ಡಿಯಾಗಿ ಹೊಸ ಮೂಳೆ ಬೆಳೆದು ರಕ್ತದಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ, ಗಟ್ಟಿಯಾಗಿ ಕಂಡರೂ ನಿಜವಾಗಿ ದುರ್ಬಲ ಮೂಳೆ.

ಅಂದರೆ ಇಲ್ಲಿ ಮೂಳೆ ಹಾಳಾಗುತ್ತಿರುವುದು ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದ್ದಕ್ಕೆ ಅಲ್ಲ. ಆದ್ದರಿಂದ ಎಷ್ಟೇ ಕ್ಯಾಲ್ಸಿಯಂ ತಿಂದರೂ ಕ್ಯಾನ್ಸರ್ ಕೊರೆದ ಗುಂಡಿ ಅದರಿಂದಲೇ ತುಂಬುವುದಿಲ್ಲ. ಹಾಗೆಯೇ ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಅದು ಬರುತ್ತಿರುವುದು ಮುಖ್ಯವಾಗಿ ಮೂಳೆಯಿಂದ, ಮೊಸರಿನ ಬಟ್ಟಲಿನಿಂದಲ್ಲ.

ಹಾಗಾದರೆ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆಯುವುದೇಕೆ?

ಇಂಜೆಕ್ಷನ್‌ನಿಂದಾಗಿ. ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಜೋಲೆಡ್ರೋನಿಕ್ ಆಮ್ಲ (4 ಮಿ.ಗ್ರಾಂ, 3-4 ವಾರಗಳಿಗೆ ಅಥವಾ 12 ವಾರಗಳಿಗೊಮ್ಮೆ) ಇಲ್ಲವೇ ಡೆನೋಸುಮಾಬ್ (120 ಮಿ.ಗ್ರಾಂ, 4 ವಾರಗಳಿಗೊಮ್ಮೆ) ಕೊಡುತ್ತಾರೆ. ಎರಡೂ ಮೂಳೆ ಕರಗುವುದನ್ನು ತಡೆಯುತ್ತವೆ. ಆಗ ಮೂಳೆಯಿಂದ ರಕ್ತಕ್ಕೆ ಬರುತ್ತಿದ್ದ ಕ್ಯಾಲ್ಸಿಯಂ ನಿಂತು ರಕ್ತದ ಮಟ್ಟ ಕುಸಿಯಬಹುದು. ಈ ಎರಡು ಔಷಧಿಗಳನ್ನು ಹೋಲಿಸಿದ ಮೂರು ದೊಡ್ಡ ಪ್ರಯೋಗಗಳ ಒಟ್ಟು ಲೆಕ್ಕದಲ್ಲಿ ಡೆನೋಸುಮಾಬ್ ಪಡೆದವರಲ್ಲಿ ಶೇ. 9.6 ಜನರಿಗೆ, ಜೋಲೆಡ್ರೋನಿಕ್ ಆಮ್ಲ ಪಡೆದವರಲ್ಲಿ ಶೇ. 5 ಜನರಿಗೆ ಕ್ಯಾಲ್ಸಿಯಂ ಇಳಿದಿತ್ತು. ಅದೂ ದಿನಕ್ಕೆ ಕನಿಷ್ಠ 500 ಮಿ.ಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ವಿಟಮಿನ್ ಡಿ ತೆಗೆದುಕೊಳ್ಳಿ ಎಂದು ಹೇಳಿದ್ದ ಪ್ರಯೋಗಗಳಲ್ಲಿ!

ಕಿಡ್ನಿ ದುರ್ಬಲವಾಗಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಡೆನೋಸುಮಾಬನ್ನು ಮೂಳೆ ಸವೆತಕ್ಕೆ ಕಡಿಮೆ ಪ್ರಮಾಣದಲ್ಲಿ ಕೊಡುವಾಗಲೂ ಕಿಡ್ನಿ ಕಾಯಿಲೆ ತೀವ್ರವಾಗಿರುವವರಲ್ಲಿ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯಬಹುದು ಎಂದು 2024ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅತ್ಯಂತ ಕಠಿಣ ಮಟ್ಟದ ಎಚ್ಚರಿಕೆ ಹೊರಡಿಸಿತು.

ಹಾಗಾಗಿ ಈ ಇಂಜೆಕ್ಷನ್ ಪಡೆಯುತ್ತಿರುವವರು ಯಾರೋ ಕಳುಹಿಸಿದ ಮೆಸೇಜ್ ಓದಿ ಮಾತ್ರೆ ನಿಲ್ಲಿಸುವುದು ಸಣ್ಣ ತಪ್ಪಲ್ಲ. ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈಕಾಲು ಸೆಟೆದುಕೊಳ್ಳುವುದು ಕ್ಯಾಲ್ಸಿಯಂ ಇಳಿದಿರುವ ಲಕ್ಷಣಗಳು. ತೀರಾ ಇಳಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು.

ಊಟದಿಂದ ಎಷ್ಟು ಸಿಗುತ್ತದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಬೇರೆ ಸೂಚನೆ ಇಲ್ಲದಿದ್ದರೆ ಮೂಳೆಗೆ ಕ್ಯಾನ್ಸರ್ ಹರಡಿದವರಿಗೂ ಊಟ, ಮಾತ್ರೆ ಎರಡೂ ಸೇರಿ ಇದೇ ಅಂದಾಜು ಸಾಕು.

ಈ ವಿಷಯದಲ್ಲಿ ಬೆಂಗಳೂರಿನ ಉತ್ತರ ಭಾಗದವರು ಅದೃಷ್ಟವಂತರು ಎಂದೇ ಹೇಳಬೇಕು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲೇ ಜಿಕೆವಿಕೆ ಇದೆ. ನಮ್ಮ ರೈತರು ವ್ಯಾಪಕವಾಗಿ ಬೆಳೆಯುವ ಜಿಪಿಯು-28 ರಾಗಿ ತಳಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಯಲಹಂಕದಲ್ಲಿ ಕೆಎಂಎಫ್‌ನ ಮದರ್ ಡೈರಿ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 10 ಮಿ.ಗ್ರಾಂ ಕೂಡ ಇಲ್ಲ.

ಸುಮಾರು 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ 290, ಒಂದು ಲೋಟ (200 ಮಿ.ಲೀ.) ಹಾಲಿನಿಂದ 240, ಒಂದು ಬಟ್ಟಲು ಮೊಸರಿನಿಂದ 150 ಮಿ.ಗ್ರಾಂ ಅಂದುಕೊಳ್ಳಿ. ಒಟ್ಟು 680. ನುಗ್ಗೆಸೊಪ್ಪಿನ ಪಲ್ಯವೋ ಎಳ್ಳಿನ ಚಟ್ನಿಯೋ ಇದ್ದರೆ ಇನ್ನೂ ಸ್ವಲ್ಪ. ರಾಗಿಯಲ್ಲಿರುವ ಫೈಟೇಟ್‌ ಕ್ಯಾಲ್ಸಿಯಂ ಹೀರಿಕೆಯನ್ನು ತುಸು ತಡೆಯುತ್ತದೆ. ಮೊಳಕೆ ಬರಿಸಿದ ರಾಗಿಯಲ್ಲಿ ಅದರ ಪ್ರಮಾಣ ಕಡಿಮೆ. ಚೆನ್ನಾಗಿ ಊಟ ಮಾಡುವವರಿಗೆ ದಿನಕ್ಕೊಂದು ಮಾತ್ರೆಯಲ್ಲಿ ಲೆಕ್ಕ ಸರಿಹೋಗುತ್ತದೆ.

ಆದರೆ ಕೀಮೋ ನಡೆಯುವಾಗ ಚೆನ್ನಾಗಿ ಊಟ ಮಾಡುವವರು ಎಷ್ಟು ಜನ? ಮುದ್ದೆ ಇಳಿಯದೆ ಅಂಬಲಿ ಮಾತ್ರ ಕುಡಿಯುತ್ತಿದ್ದರೆ ಒಂದು ಲೋಟಕ್ಕೆ ಹಾಕಿದ 20 ಗ್ರಾಂ ಹಿಟ್ಟಿನಿಂದ ಸಿಗುವುದು ಬರೀ 70 ಮಿ.ಗ್ರಾಂ ಅಷ್ಟೇ. "ದಿನಾ ರಾಗಿ ಕೊಡ್ತಿದ್ದೀವಿ" ಎಂದು ವೈದ್ಯರಿಗೆ ಹೇಳುವಾಗ ಎಷ್ಟು ಎಂಬುದನ್ನೂ ಹೇಳಿ.

ಅಂದಹಾಗೆ, ಈ ಭಾಗದ ಬೋರ್‌ವೆಲ್‌ ನೀರು ಗಡಸು, ಅದನ್ನು ಕುಡಿದರೆ ಕ್ಯಾಲ್ಸಿಯಂ ಏರುತ್ತದೆಯೇ ಎಂಬ ಅನುಮಾನವೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 75 ಮಿ.ಗ್ರಾಂವರೆಗೆ ಕ್ಯಾಲ್ಸಿಯಂ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಎರಡು ಲೀಟರ್ ಕುಡಿದರೂ ಒಂದು ಬಟ್ಟಲು ಮೊಸರಿನಷ್ಟಾಯಿತು. ಅದಕ್ಕೆ ಹೆದರಿ ನೀರು ಕಡಿಮೆ ಮಾಡಿದರೆ ಕ್ಯಾಲ್ಸಿಯಂ ಹೊರಹೋಗುವ ದಾರಿಯೇ ಮುಚ್ಚಿದಂತೆ.

ಮಾತ್ರೆಯ ಪಟ್ಟಿ ಓದುವುದು ಹೇಗೆ?

"ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ" ಎಂದು ಬರೆದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿ.ಗ್ರಾಂ ಮಾತ್ರ. ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಸಿಟ್ರೇಟ್ ಯಾವಾಗಲಾದರೂ ಆಗುತ್ತದೆ. ದೇಹ ಒಂದು ಸಲಕ್ಕೆ 500 ಮಿ.ಗ್ರಾಂಗಿಂತ ಹೆಚ್ಚು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ.

ವಿಟಮಿನ್ ಡಿ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. 60,000 ಯೂನಿಟ್‌ನ ಸ್ಯಾಚೆಟ್‌ಗಳನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವೇ ವಾರ ಬರೆಯುತ್ತಾರೆ. ಅದನ್ನು ದಿನಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿದರೆ ಕ್ಯಾನ್ಸರ್ ಇಲ್ಲದವರಿಗೂ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡಬಹುದು. ಮೊಸರಿನಲ್ಲಿ ಗೋಧಿ ಕಾಳಿನಷ್ಟು ಎಲೆಅಡಿಕೆ ಸುಣ್ಣ ಬೆರೆಸಿ ತಿನ್ನುವ ಸಲಹೆಯೂ ಆಗಾಗ ವಾಟ್ಸ್ಆಪ್‌ನಲ್ಲಿ ಸುತ್ತುತ್ತದೆ. ಕೀಮೋದಿಂದ ಬಾಯಿ ಹುಣ್ಣಾದವರಿಗೆ ಸುಣ್ಣ ತಿನ್ನಿಸುವುದು ಬೇಡವೇ ಬೇಡ.

ವರದಿಯಲ್ಲಿ ನಾರ್ಮಲ್ ಇದ್ದರೂ ಏರಿರಬಹುದೇ?

ಇರಬಹುದು. ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 8.5ರಿಂದ 10.5 ಮಿ.ಗ್ರಾಂ. ಅದರ ಒಂದು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಆಲ್ಬುಮಿನ್ ಕಡಿಮೆಯಿರುವುದು ಮಾಮೂಲು. ಆಗ ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕೂಡಿಸುತ್ತಾರೆ. ವರದಿಯಲ್ಲಿ ಕ್ಯಾಲ್ಸಿಯಂ 9.8, ಆಲ್ಬುಮಿನ್ 2.5 ಇದ್ದರೆ 1.2 ಸೇರಿ ಸರಿಪಡಿಸಿದ ಮಟ್ಟ 11 ಆಗುತ್ತದೆ. ಕಾಗದದ ಮೇಲೆ ನಾರ್ಮಲ್, ದೇಹದಲ್ಲಿ ಹೆಚ್ಚು. ಈ ಸೂತ್ರ ಅಂದಾಜಿನದು. ಸಂದೇಹವಿದ್ದರೆ ಅಯಾನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುತ್ತಾರೆ.

ಯಲಹಂಕ, ಆರ್.ಟಿ. ನಗರದಿಂದ ಊರಿನ ಇನ್ನೊಂದು ಬದಿಯಲ್ಲಿರುವ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವವರು, ಇಂಜೆಕ್ಷನ್‌ಗೆ ಒಂದೆರಡು ದಿನ ಮೊದಲೇ ಮನೆ ಹತ್ತಿರದ ಲ್ಯಾಬಿನಲ್ಲಿ ಕ್ಯಾಲ್ಸಿಯಂ, ಆಲ್ಬುಮಿನ್, ಕ್ರಿಯಾಟಿನಿನ್ ಮೂರನ್ನೂ ಮಾಡಿಸಿಕೊಂಡು ಹೋಗಬಹುದೇ ಎಂದು ವೈದ್ಯರನ್ನು ಕೇಳಿ. ಮೊದಲ ಇಂಜೆಕ್ಷನ್‌ಗೆ ಮುಂಚೆ ಹಲ್ಲನ್ನೂ ತೋರಿಸಿಕೊಳ್ಳಿ. ಈ ಔಷಧಿ ಪಡೆಯುವಾಗ ಹಲ್ಲು ಕೀಳಿಸಿದರೆ ದವಡೆ ಮೂಳೆ ಮಾಯದೆ ಕೊಳೆಯುವ ಸಾಧ್ಯತೆ ಇದೆ.

ಕ್ಯಾಲ್ಸಿಯಂ ಏರಿದ್ದು ಖಚಿತವಾದರೆ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಮೂಳೆ ಕರಗುವುದನ್ನು ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಕೆಲವು ಬಗೆಯ ಲಿಂಫೋಮಾ ಬಿಟ್ಟರೆ ಆಗಲೂ ಊಟದ ಹಾಲು ಮೊಸರಿಗೆ ಸಾಮಾನ್ಯವಾಗಿ ಕತ್ತರಿ ಹಾಕುವುದಿಲ್ಲ. ಕಷ್ಟವೆಂದರೆ ಇದನ್ನು ಗುರುತಿಸುವುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಪರು, ಮಾತಿನಲ್ಲಿ ಗೊಂದಲ, ಇವೆಲ್ಲ ಕೀಮೋ ಅಥವಾ ಮಾರ್ಫಿನ್‌ನ ಪರಿಣಾಮ ಎಂದುಕೊಂಡು ಮನೆಯವರು ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುತ್ತಾರೆ. ಮಟ್ಟ 14 ದಾಟಿದರೆ ಪ್ರಾಣಕ್ಕೇ ಅಪಾಯ. ರೋಗಿ ಎರಡು ದಿನದಿಂದ ಬರೀ ನಿದ್ದೆ ಮಾಡುತ್ತಿದ್ದಾರೆ, ಮಾತು ತೊದಲುತ್ತಿದೆ ಎನಿಸಿದರೆ ಅದೇ ದಿನ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದು, ಮೂಳೆಯಲ್ಲಿ ಕ್ಯಾನ್ಸರ್ ಇದೆ, ಕ್ಯಾಲ್ಸಿಯಂ ನೋಡಿ ಎಂದು ನೀವೇ ಬಾಯಿಬಿಟ್ಟು ಹೇಳಿ.