ಒಳಗೆ ಮಾಡದ ನಮಾಜ್

ಜೆರೂಸಲೇಮಿನ ಹಳೆಯ ನಗರದಲ್ಲಿ ಪವಿತ್ರ ಸಮಾಧಿಯ ಚರ್ಚ್ ಇದೆ. ಯೇಸುವನ್ನು ಶಿಲುಬೆಗೇರಿಸಿದ್ದೂ ಸಮಾಧಿ ಮಾಡಿದ್ದೂ ಅಲ್ಲೇ ಎಂಬುದು ಬಹುಪಾಲು ಕ್ರೈಸ್ತರ ನಂಬಿಕೆ. ಶಿಲುಬೆಯ ವಿಷಯದಲ್ಲಿ ಮುಸ್ಲಿಮರ ನಂಬಿಕೆ ಬೇರೆಯೇ. ಆದರೂ ಆ ಚರ್ಚಿನ ಬಾಗಿಲನ್ನು ಶತಮಾನಗಳಿಂದ ಕಾಯುತ್ತಿರುವುದು ಎರಡು ಮುಸ್ಲಿಮ್ ಮನೆತನಗಳು. ಬೀಗದ ಕೈ ಜೂದೆ ಮನೆತನದ ಬಳಿ ಇರುತ್ತದೆ. ಬಾಗಿಲು ತೆರೆಯುವ ಕೆಲಸ ನುಸೈಬೆ ಮನೆತನದ್ದು.

638ರ ಸುಮಾರಿಗೆ ಈ ನಗರ ಖಲೀಫ ಉಮರ್ ಅವರಿಗೆ ಶರಣಾಯಿತು. 10ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ರೈಸ್ತ ಧರ್ಮಗುರುವಾಗಿದ್ದ ಯುಟೈಕಿಯಸ್ ತಮ್ಮ ಚರಿತ್ರೆಯಲ್ಲಿ ಆಗಿನ ಒಂದು ಘಟನೆಯನ್ನು ಬರೆದಿದ್ದಾರೆ. ಉಮರ್ ಚರ್ಚಿನಲ್ಲಿದ್ದಾಗ ನಮಾಜಿನ ವೇಳೆಯಾಯಿತು. ಅಲ್ಲೇ ನಮಾಜ್ ಮಾಡಿರೆಂದು ಅಲ್ಲಿನ ಧರ್ಮಗುರು ಸೊಫ್ರೋನಿಯಸ್ ಹೇಳಿದರು. ಉಮರ್ ಒಪ್ಪಲಿಲ್ಲ, ಹೊರಬಂದು ಮೆಟ್ಟಿಲ ಮೇಲೆ ಒಬ್ಬರೇ ನಮಾಜ್ ಮಾಡಿದರು. ಒಳಗೆ ಮಾಡಿದ್ದರೆ, ಉಮರ್ ನಮಾಜ್ ಮಾಡಿದ ಜಾಗವೆಂದು ಮುಂದೆ ಮುಸ್ಲಿಮರು ಚರ್ಚನ್ನೇ ಕಿತ್ತುಕೊಂಡಾರು ಎಂಬುದು ಅವರ ಆತಂಕ. ಆ ಮೆಟ್ಟಿಲ ಮೇಲೂ ಗುಂಪಾಗಿ ನಮಾಜ್ ಮಾಡಬಾರದೆಂದು ಬರೆದುಕೊಟ್ಟರು.

ನಾವು ಹೆಮ್ಮೆಯಿಂದ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಯುಟೈಕಿಯಸ್ ಮಾತ್ರ ಮುಂದೆಯೂ ಬರೆಯುತ್ತಾರೆ: ತಮ್ಮ ಕಾಲದಲ್ಲಿ ಮುಸ್ಲಿಮರು ಆ ಪತ್ರವನ್ನು ಮೀರಿ, ಮೆಟ್ಟಿಲ ಬಳಿಯ ಜಾಗವನ್ನು ವಶಪಡಿಸಿಕೊಂಡು ಮಸೀದಿ ಕಟ್ಟಿದರು ಎಂದು. ಕಾರಣ? ಅಲ್ಲಿ ಉಮರ್ ನಮಾಜ್ ಮಾಡಿದ್ದರು! 1009ರಲ್ಲಿ ಫಾತಿಮಿ ಖಲೀಫ ಹಾಕಿಮ್ ಚರ್ಚನ್ನೇ ಕೆಡವಿಸಿದ. ಅದು ಮತ್ತೆ ಎದ್ದು ನಿಂತಿತು. 1099ರಲ್ಲಿ ನಗರವನ್ನು ಗೆದ್ದ ಕ್ರೂಸೇಡ್ ಯೋಧರು ಮುಸ್ಲಿಮರ, ಯಹೂದಿಯರ ಮಾರಣಹೋಮ ನಡೆಸಿದರು. ಹೀಗಿದ್ದೂ 1187ರಲ್ಲಿ ನಗರವನ್ನು ಮರಳಿ ಗೆದ್ದ ಸಲಾಹುದ್ದೀನ್, ಚರ್ಚನ್ನು ಕೆಡವಿರೆಂಬ ಕೆಲವರ ಸಲಹೆಯನ್ನು ಒಪ್ಪಲಿಲ್ಲ. ಅದನ್ನು ಉಳಿಸಬೇಕೆಂದವರು ಮುಂದಿಟ್ಟದ್ದು ಉಮರ್ ಅವರ ಮಾದರಿಯನ್ನೇ.

ಕ್ರೈಸ್ತರಲ್ಲೂ ಜಗಳ ತಪ್ಪಿಲ್ಲ. ಆರು ಪಂಗಡಗಳಿಗೆ ಅಲ್ಲಿ ಹಕ್ಕಿದೆ. ಯಾರ ಹಕ್ಕು ಎಲ್ಲಿಯವರೆಗೆ ಎಂಬುದು ಇಂದಿಗೂ ನಡೆಯುವುದು ಇದ್ದದ್ದು ಇದ್ದಂತೆ ಇರಲಿ ಎಂದ 1852ರ ಉಸ್ಮಾನಿ ಫರ್ಮಾನಿನ ಪ್ರಕಾರ. 2008ರ ನವೆಂಬರಿನಲ್ಲಿ ಗ್ರೀಕ್ ಹಾಗೂ ಅರ್ಮೇನಿಯನ್ ಸನ್ಯಾಸಿಗಳು ಸಮಾಧಿಯ ಬಳಿಯೇ ಕೈಕೈ ಮಿಲಾಯಿಸಿದರು.

ಪವಿತ್ರ ಸ್ಥಳಗಳಿಗೆ ಅಪಾಯ ಪರಧರ್ಮೀಯರಿಂದ ಎಂದು ನಾವೆಲ್ಲ ನಂಬಿದ್ದೇವೆ. ಉಮರ್ ಅಂದು ಅಂಜಿದ್ದು ತಮ್ಮವರ ಭಕ್ತಿಗೆ. ತನ್ನ ಸಮುದಾಯ ಮುಂದೆ ಏನು ಮಾಡೀತೆಂದು ಅರಿತು ಹೊಸ್ತಿಲ ಹೊರಗೇ ನಿಂತ ಆ ವಿವೇಕ, ಬಾಗಿಲು ಕಾಯುವ ಎಲ್ಲರಿಗೂ ಬೇಕು.