ವೆಂಡಾಟ್ ಜನರು: ನೆಲ ಮತ್ತು ನುಡಿ

17ನೇ ಶತಮಾನದ ಆರಂಭದಲ್ಲಿ ಕೆನಡಾದ ಜಾರ್ಜಿಯನ್ ಕೊಲ್ಲಿಗೂ ಸಿಮ್ಕೋ ಸರೋವರಕ್ಕೂ ನಡುವಿನ ನೆಲದಲ್ಲಿ ವೆಂಡಾಟ್ ಎಂಬ ಮೂಲನಿವಾಸಿಗಳ ಒಕ್ಕೂಟ ನೆಲೆಸಿತ್ತು. ಮುಸುಕಿನ ಜೋಳ, ಬೀನ್ಸ್, ಕುಂಬಳದ ಬೇಸಾಯ ಹೆಂಗಸರ ಕೈಯಲ್ಲಿತ್ತು. ಕುಲ ತಾಯಿಯ ಕಡೆಯಿಂದ ಸಾಗುತ್ತಿತ್ತು. ಊರು ಬದಲಿಸುವಾಗ ಸತ್ತವರ ಮೂಳೆಗಳನ್ನು ಹೊರತೆಗೆದು, ಉಡುಗೊರೆಗಳೊಡನೆ ಒಂದೇ ದೊಡ್ಡ ಗುಂಡಿಯಲ್ಲಿ ಇಡುತ್ತಿದ್ದರು. 1636ರಲ್ಲಿ ಒಸೊಸಾನೆ ಎಂಬ ವೆಂಡಾಟ್ ಊರಿನಲ್ಲಿ ನಡೆದ ಈ ವಿಧಿಯನ್ನು ಜೆಸ್ಯೂಟ್ ಪಾದ್ರಿ ಬ್ರೆಬ್ಯೂಫ್ ವಿವರವಾಗಿ ಬರೆದಿಟ್ಟಿದ್ದಾನೆ. ಹಿರಿಯರ ಮೇಲಿನ ಆ ಅಕ್ಕರೆ ಅನ್ಯಮತದ ಆತನನ್ನೂ ಮುಟ್ಟಿತ್ತು.

ಅದೇ ದಶಕದಲ್ಲಿ ಯುರೋಪಿನಿಂದ ಬಂದ ಸಿಡುಬು ಮೊದಲಾದ ರೋಗಗಳಿಗೆ ಸುಮಾರು ಅರ್ಧದಷ್ಟು ಜನ ಬಲಿಯಾದರು. 1649ರಲ್ಲಿ ಹೊಡೆನೊಶೋನಿ ಎಂಬ ಎದುರಾಳಿ ಮೂಲನಿವಾಸಿಗಳ ಪಡೆಗಳ ದಾಳಿಗೆ ವೆಂಡಾಟ್ ಒಕ್ಕೂಟವೇ ಚದುರಿತು. ಕೆಲವರು ಕ್ವಿಬೆಕ್ ಬಳಿ ನೆಲೆನಿಂತರು. ಪಶ್ಚಿಮಕ್ಕೆ ಹೋದವರ ಸಂತತಿ ಇಂದು ಒಕ್ಲಹೋಮ, ಕಾನ್ಸಾಸ್‌ಗಳಲ್ಲಿದೆ. ಬಾಯಿಮಾತಿನಿಂದ ಮರೆಯಾಗಿದ್ದ ವೆಂಡಾಟ್ ಭಾಷೆಯನ್ನು, ಪಾದ್ರಿಗಳು ಬರೆದಿಟ್ಟ ನಿಘಂಟುಗಳ ನೆರವಿನಿಂದ, ಕ್ವಿಬೆಕ್ ಪಕ್ಕದ ವೆಂಡಾಕೆಯಲ್ಲಿ ಈಗ ಮತ್ತೆ ಕಲಿಸಲಾಗುತ್ತಿದೆ.