ಹೆಜ್ಜೆಯಲ್ಲಿ ನಿಂತ ಮನಸ್ಸು

ಓಟಗಾರರಿಗೂ ಚೆಂಡಾಟದವರಿಗೂ ಈಗ ಮನಸ್ಸಿನ ತರಬೇತಿ ಕೊಡುತ್ತಾರೆ ಎಂದರೆ ಇಡಗುಂಜಿಯ ಕಡೆಯ ಹಿರಿಯ ಹೆಂಗಸರು ನಗುತ್ತಾರೆ. ಮನಸ್ಸಿಲ್ಲದೆ ಕಾಲು ನಡೆದೀತೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಳ, ಆದರೆ ಅದರ ಹಿಂದೆ ದೊಡ್ಡ ಇತಿಹಾಸವೇ ಇದೆ.

ಅಮೆರಿಕದ ಜಾನ್ ಕಬಟ್-ಜಿನ್ ಎಂಬ ವಿಜ್ಞಾನಿ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ನೋವಿನಿಂದ ಬಳಲುವ ರೋಗಿಗಳಿಗೆ ಉಸಿರನ್ನು ಗಮನಿಸುವ ಅಭ್ಯಾಸ ಕಲಿಸತೊಡಗಿದರು. 1984ರ ಒಲಿಂಪಿಕ್ಸ್‌ಗೆ ಹೊರಟ ಆ ದೇಶದ ದೋಣಿ ಸ್ಪರ್ಧಿಗಳಿಗೂ ಅದನ್ನೇ ಹೇಳಿಕೊಟ್ಟರು. 1990ರ ದಶಕದಲ್ಲಿ ಷಿಕಾಗೋ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರ ಫಿಲ್ ಜಾಕ್ಸನ್, ಜಾರ್ಜ್ ಮಮ್‌ಫೋರ್ಡ್ ಎಂಬ ಧ್ಯಾನಶಿಕ್ಷಕರನ್ನೇ ಕರೆಸಿ ಆಟಗಾರರನ್ನು ಮೌನವಾಗಿ ಕೂರಿಸಿದರು.

ಇದರ ಬೇರು ಬುದ್ಧನ ಉಪದೇಶದಲ್ಲಿದೆ. ಪಾಲಿ ಭಾಷೆಯಲ್ಲಿ ಇದರ ಹೆಸರು ‘ಸತಿ’. ಇದು ಸತಿ-ಪತಿಯರ ಸತಿಯಲ್ಲ, ಸಂಸ್ಕೃತದ ‘ಸ್ಮೃತಿ’. ಈಗ ನಾನು ಏನು ಮಾಡುತ್ತಿದ್ದೇನೆ ಎಂಬ ನೆನಪು ತಪ್ಪದಿರುವುದು. ಸೋತರೇನು ಗತಿ ಎಂಬ ಯೋಚನೆ ಬಂದರೆ ಅದರೊಡನೆ ಜಗಳವಾಡದೆ, ಬಂತು ಎಂದು ಕಂಡುಕೊಂಡು ಮತ್ತೆ ಉಸಿರಿಗೆ, ಮತ್ತೆ ಹೆಜ್ಜೆಗೆ ಮರಳುವುದು. ತಿರುಳು ಇಷ್ಟೇ.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಲು ಬಯಲಾಟ ಸಾಕು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲೇ ಯಕ್ಷಗಾನ ಮಂಡಳಿ ಕಟ್ಟಿದರು. ಆಟದ ದಿನ ಚೌಕಿಯಲ್ಲಿ ಗಣಪತಿಗೆ ಪೂಜೆ. ಆಮೇಲೆ ಕಲಾವಿದ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಒಂದೊಂದು ಗೆರೆ ಎಳೆಯುವಾಗಲೂ ಮನಸ್ಸು ಒಂದೆಡೆ ಸೇರುತ್ತ ಬರುತ್ತದೆ.

ರಂಗಕ್ಕೆ ಬಂದ ಮೇಲಿನ ದುಡಿಮೆ ಯಾವ ಕ್ರೀಡೆಗೂ ಕಡಿಮೆಯದಲ್ಲ. ತಲೆಯ ಮೇಲೆ ಕಿರೀಟ, ಮೈಮೇಲೆ ವೇಷದ ಭಾರ, ಕಾಲಲ್ಲಿ ಗೆಜ್ಜೆ. ಅದರಲ್ಲೇ ಚಂಡೆಯ ಪೆಟ್ಟಿಗೆ ಹಾರಬೇಕು, ಮಂಡಿಯೂರಿ ಸುತ್ತಬೇಕು. ಕುಣಿತ ಮುಗಿದೊಡನೆ ಮಾತು ಶುರು. ಬರೆದುಕೊಟ್ಟ ಸಂಭಾಷಣೆ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅಲ್ಲೇ ಅರ್ಥ ಹೇಳಬೇಕು. ಏದುಸಿರು ಬಿಡುವವನಿಂದ ಅದು ಆಗದು. ಕುಣಿಯುವಾಗಲೇ ಉಸಿರಿನ ಲೆಕ್ಕ ಇಟ್ಟಿರಬೇಕು. ಚಪ್ಪಾಳೆಯ ಕಡೆಗೆ ಮನಸ್ಸು ಹೋಯಿತೋ, ತಾಳ ತಪ್ಪಿತು.

ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು ಮಾಯಾ ರಾವ್ ಅವರ ಬಳಿ ನೃತ್ಯವನ್ನೂ ಕಲಿತು ಬಂದವರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ತೆರೆದು ಕ್ರಮವಾದ ಶಿಕ್ಷಣಕ್ಕೆ ದಾರಿ ಮಾಡಿದರು. 2009ರ ಫೆಬ್ರುವರಿಯಲ್ಲಿ, ಇಡಗುಂಜಿಯ ರಥೋತ್ಸವದ ಆಟದಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಇಂಥ ಕಲಾವಿದರ ಬಗ್ಗೆ ನಾವು ‘ಮೈಮರೆತು ಕುಣಿದರು’ ಎನ್ನುತ್ತೇವೆ. ನನಗೆ ಆ ಮಾತು ಅಷ್ಟು ಸರಿಯೆನಿಸುವುದಿಲ್ಲ. ಮೈಮರೆತವನಿಗೆ ತಾಳ ಎಲ್ಲಿಯದು, ಎದುರು ವೇಷದವನ ಮಾತು ಎಲ್ಲಿಯದು? ಅದು ಮೈಯ ಎಚ್ಚರ, ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಅದೇ ಕಾಲಕ್ಕೆ ಮೈಸೂರಿನಲ್ಲೂ ಇಂಥದೇ ಕೆಲಸ ನಡೆದಿತ್ತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮೈಸೂರು ಅರಸರ ರಾಜ್ಯ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿ, ಚಲನೆಗೂ ಉಸಿರಿಗೂ ಗಂಟು ಹಾಕಿ ಹುಡುಗರಿಗೆ ಕಲಿಸಿದರು. ಕೆಲವು ವರ್ಷಗಳ ಮೇಲೆ ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ ಎಂಬಾಕೆ ಕಲಿಯಲು ಬಂದರು. ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಆಕೆ ಮುಂದೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು.

ಈ ಎರಡೂ ಕಥೆಗಳಲ್ಲಿ ನನ್ನನ್ನು ಕಾಡುವುದು ಒಂದೇ ಸಂಗತಿ. ಗಮನ ಎಂಬುದು ಕಲಿಸಿದರೆ ಬರುವ ವಿದ್ಯೆ, ಅದನ್ನು ಬಹುಕಾಲ ಗಂಡುಮಕ್ಕಳಿಗೇ ಕಲಿಸಿದರು. ನಾವು ಚಾಪೆ ಹಾಸಿಕೊಂಡು, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು ಬೆಳಗಿನವರೆಗೆ ಆಟ ನೋಡಿದೆವು. ರಂಗದ ಮೇಲಿನ ಸೀತೆ, ದ್ರೌಪದಿಯರೂ ಗಂಡಸರೇ. ಈಗ ಕರಾವಳಿಯಲ್ಲಿ ಮಹಿಳೆಯರ ತಂಡಗಳೇ ಗೆಜ್ಜೆ ಕಟ್ಟುತ್ತಿರುವುದು ಸಂತೋಷದ ವಿಷಯ.

ಆದರೂ ಶಾಲೆಯ ಓಟದ ಪಂದ್ಯದಲ್ಲಿ ನಮ್ಮ ಹುಡುಗಿಯರನ್ನು ನೋಡುವಾಗ ಹೊಟ್ಟೆ ಚುರ್ ಎನ್ನುತ್ತದೆ. ಕಾಲಲ್ಲಿ ಬಲವಿದೆ. ಅರ್ಧ ದೂರದಲ್ಲಿ ಕಣ್ಣು ಪಕ್ಕಕ್ಕೆ ಹೊರಳುತ್ತದೆ. ಬಟ್ಟೆ ಸರಿಯಿದೆಯೇ, ಯಾರು ನಗುತ್ತಿದ್ದಾರೆ, ಮನೆಗೆ ತಡವಾದರೆ ಏನು ಹೇಳಲಿ? ಅಷ್ಟರಲ್ಲಿ ಪಕ್ಕದವಳು ಮುಂದೆ ಹೋಗಿರುತ್ತಾಳೆ. ಇದು ಆ ಮಗುವಿನ ಚಂಚಲತೆಯಲ್ಲ. ಒಲೆಯ ಮೇಲಿನ ಹಾಲು, ಅಳುವ ತಮ್ಮ, ಬಾಗಿಲಿಗೆ ಬಂದ ನೆಂಟರು ಎಂದು ಒಂದೇ ಹೊತ್ತಿಗೆ ಹತ್ತು ಕಡೆ ನಿಗಾ ಇಡುವುದನ್ನು ನಾವೇ ಅವಳಿಗೆ ಚಿಕ್ಕಂದಿನಿಂದ ಕಲಿಸಿರುತ್ತೇವೆ. ಮನೆ ನಡೆಸಲು ಅದು ಬೇಕಾದೀತು. ಓಡಲು ಬೇಕಾದದ್ದು ಬೇರೆ.

ಅದಕ್ಕೆ ದುಬಾರಿ ತರಬೇತಿಯೇನೂ ಬೇಡ. ಸಂಜೆ ಅವಳು ಹಗ್ಗ ಜಿಗಿಯಲಿ, ಕುಣಿಯಲಿ, ಓಡಲಿ, ಉಸಿರು ಎಣಿಸಲಿ. ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯದಿದ್ದರೆ ಸಾಕು.